ಭದ್ರತಾ ದೋಷಗಳು ಮತ್ತು ಬಾಧಿತ ಆವೃತ್ತಿಗಳು

ಬಳಕೆಯಲ್ಲಿರುವ ತಂತ್ರಾಂಶದಲ್ಲಿ ಭದ್ರತಾ ದೋಷವೊಂದು ಬೆಳಕಿಗೆ ಬಂದಾಗ ಅದು ಯಾವ ಯಾವ ಆವೃತ್ತಿಗಳಲ್ಲಿದೆ, ಯಾವುದರಲ್ಲಿ ಸರಿಹೋಗಿದೆ ಎಂದು ದಾಖಲೆಗಳಿಂದ ಗೊತ್ತುಮಾಡಿಕೊಳ್ಳುವುದು ಕಂಪ್ಯೂಟರ್ ಭದ್ರತೆಯ ದಿನನಿತ್ಯದ ಕೆಲಸ. ಬ್ಯಾಂಕಿನ ಸರ್ವರ್ ನೋಡಿಕೊಳ್ಳುವವರು, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು, ಮೊಬೈಲ್ ಆ್ಯಪ್ ಬರೆಯುವವರು ಎಲ್ಲರ ಪ್ರಶ್ನೆಯೂ ಒಂದೇ: ನಮ್ಮಲ್ಲಿರುವುದಕ್ಕೆ ಇದು ತಗಲುತ್ತದೆಯೇ? ಎರಡು ಸಂಖ್ಯೆಗಳನ್ನು ಹೋಲಿಸಿದರೆ ಮುಗಿಯಿತು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಬಾಧಿತ ಆವೃತ್ತಿಗಳ ಪಟ್ಟಿಯೆಂದರೆ ಯಾರೋ ಒಬ್ಬರು, ಒಂದು ದಿನ, ತಮಗೆ ತಿಳಿದಷ್ಟರ ಮೇಲೆ ಕೊಟ್ಟ ಹೇಳಿಕೆ. ಅದನ್ನು ಕೊಟ್ಟವರು ಯಾರು, ಯಾವ ಪ್ಯಾಕೇಜಿನ ಬಗ್ಗೆ ಕೊಟ್ಟರು, ಆಮೇಲೆ ತಿದ್ದಿದರೇ ಎಂಬುದನ್ನು ನೋಡದೆ ಸಂಖ್ಯೆಯನ್ನು ಮಾತ್ರ ನಂಬಿದವರು ಎಡವಿದ ಪ್ರಸಂಗಗಳು ಬೇಕಾದಷ್ಟಿವೆ.

ಎಡವಿದರೆ ಬೀಳುವ ಪೆಟ್ಟು ಎಷ್ಟು ದೊಡ್ಡದೆಂಬುದಕ್ಕೆ 2017ರ ಈಕ್ವಿಫ್ಯಾಕ್ಸ್ ಪ್ರಕರಣ ಸಾಕ್ಷಿ. ಆ ವರ್ಷ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ಚೌಕಟ್ಟಿನ ದೋಷವೊಂದು ಪ್ರಕಟವಾಯಿತು. ಅದರ ಗುರುತು ಸಿವಿಇ-2017-5638. ಬಾಧಿತ ಆವೃತ್ತಿಗಳು 2.3.5ರಿಂದ 2.3.31ರವರೆಗೆ ಹಾಗೂ 2.5ರಿಂದ 2.5.10ರವರೆಗೆ, ಪರಿಹಾರ 2.3.32 ಮತ್ತು 2.5.10.1ರಲ್ಲಿ. ಪ್ರಕಟಣೆಯಲ್ಲಿ ಯಾವ ಗೊಂದಲವೂ ಇರಲಿಲ್ಲ. ಅಮೆರಿಕದ ಸಾಲಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ಗೆ ಎಚ್ಚರಿಕೆಯೂ ತಲುಪಿತ್ತು, ಅದು ತನ್ನ ಜಾಲವನ್ನು ಸ್ಕ್ಯಾನ್ ಕೂಡ ಮಾಡಿತು. ಗ್ರಾಹಕರು ತಕರಾರು ಸಲ್ಲಿಸುವ ಪೋರ್ಟಲಿನೊಳಗೆ ಹಳೆಯ ಸ್ಟ್ರಟ್ಸ್ ಇದ್ದದ್ದು ಮಾತ್ರ ಸ್ಕ್ಯಾನಿನ ಕಣ್ಣಿಗೆ ಬೀಳಲಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಅದೇ ದಾರಿಯಲ್ಲಿ ನುಗ್ಗಿದವರು ಸುಮಾರು 14.7 ಕೋಟಿ ಜನರ ಮಾಹಿತಿಯನ್ನು ಕದ್ದರು. ಹೊರಗಿನ ಪಟ್ಟಿ ಸರಿಯಾಗಿತ್ತು. ಮನೆಯೊಳಗೆ ಏನಿದೆ ಎಂಬ ಪಟ್ಟಿ ಸರಿಯಿರಲಿಲ್ಲ.

ದೋಷಕ್ಕೊಂದು ಗುರುತು

ಹುಡುಕಾಟ ಶುರುವಾಗಬೇಕಾದರೆ ದೋಷಕ್ಕೆ ಎಲ್ಲರೂ ಒಪ್ಪಿದ ಒಂದು ಹೆಸರು ಬೇಕು. 1990ರ ದಶಕದಲ್ಲಿ ಪ್ರತಿ ಭದ್ರತಾ ಕಂಪನಿಯೂ ಒಂದೇ ದೋಷವನ್ನು ತನ್ನದೇ ಹೆಸರಿನಿಂದ ಕರೆಯುತ್ತಿತ್ತು. ಎರಡು ಸಾಧನಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಆಗದ ಮಾತಾಗಿತ್ತು. ಅಮೆರಿಕದ ಮೈಟರ್ ಸಂಸ್ಥೆಯ ಡೇವಿಡ್ ಮ್ಯಾನ್ ಮತ್ತು ಸ್ಟೀವನ್ ಕ್ರಿಸ್ಟಿ 1999ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಕಾರ್ಯಾಗಾರವೊಂದರಲ್ಲಿ ಸಮಾನ ಪಟ್ಟಿಯ ಪ್ರಸ್ತಾವ ಮಂಡಿಸಿದರು. ಅದೇ ಸೆಪ್ಟೆಂಬರಿನಲ್ಲಿ 321 ನಮೂದುಗಳೊಂದಿಗೆ ಸಿವಿಇ ಪಟ್ಟಿ ಹೊರಬಂತು. ಪ್ರತಿ ಗುರುತಿನಲ್ಲಿ ವರ್ಷ ಮತ್ತು ಕ್ರಮಸಂಖ್ಯೆ ಇರುತ್ತವೆ. ಆರಂಭದಲ್ಲಿ ಕ್ರಮಸಂಖ್ಯೆಗೆ ನಾಲ್ಕೇ ಅಂಕಿಗಳ ಜಾಗವಿತ್ತು, ಅಂದರೆ ವರ್ಷಕ್ಕೆ ಹತ್ತು ಸಾವಿರದೊಳಗೆ. ಅದು ಸಾಲದೆಂದು 2014ರಿಂದ ಮಿತಿಯನ್ನು ತೆಗೆಯಲಾಯಿತು. ಗುರುತಿನಲ್ಲಿರುವ ವರ್ಷ ಸಂಖ್ಯೆಯನ್ನು ಕಾಯ್ದಿರಿಸಿದ ಅಥವಾ ದೋಷ ಬಹಿರಂಗವಾದ ಕಾಲವನ್ನು ಹೇಳುತ್ತದೆ. ದೋಷ ಎಷ್ಟು ಹಳೆಯದೆಂದು ಅದರಿಂದ ತಿಳಿಯುವುದಿಲ್ಲ. ಸಿವಿಇ-2016-5195, ಜನರ ಬಾಯಲ್ಲಿ ‘ಡರ್ಟಿ ಕೌ’, ಲಿನಕ್ಸ್ ಕರ್ನಲ್‌ನಲ್ಲಿ 2007ರ 2.6.22 ಆವೃತ್ತಿಯಿಂದಲೇ ಕುಳಿತಿತ್ತು.

ಸಂಖ್ಯೆ ಕೊಡುವ ಅಧಿಕಾರ ಈಗ ಮೈಟರ್ ಒಂದರ ಕೈಯಲ್ಲಿಲ್ಲ. ಮೈಕ್ರೋಸಾಫ್ಟ್, ಗೂಗಲ್, ರೆಡ್ ಹ್ಯಾಟ್‌ನಂಥ ತಯಾರಕರು, ಅಪಾಚೆಯಂಥ ಮುಕ್ತ ತಂತ್ರಾಂಶ ಪ್ರತಿಷ್ಠಾನಗಳು, ಭಾರತದ ಸರ್ಟ್-ಇನ್‌ನಂಥ ಸರ್ಕಾರಿ ಸಂಸ್ಥೆಗಳು ತಮ್ಮ ವ್ಯಾಪ್ತಿಯೊಳಗೆ ಸಿವಿಇ ಕೊಡುತ್ತವೆ. ಬಾಧಿತ ಆವೃತ್ತಿಗಳನ್ನು ಮೊದಲು ಬರೆಯುವವರೂ ಇವರೇ. ಹೀಗಾಗಿ ದಾಖಲೆಯಿಂದ ದಾಖಲೆಗೆ ಗುಣಮಟ್ಟ ವಿಪರೀತ ಬೇರೆಯಾಗುತ್ತದೆ. ಕೆಲವರು ಪ್ರತಿ ಶಾಖೆಯನ್ನೂ ಬಿಡಿಸಿ ಬರೆಯುತ್ತಾರೆ. ಕೆಲವರು ‘ಇಂಥ ಆವೃತ್ತಿ ಮತ್ತು ಅದಕ್ಕಿಂತ ಹಿಂದಿನವು’ ಎಂದು ಕೈತೊಳೆದುಕೊಳ್ಳುತ್ತಾರೆ.

ದಾಖಲೆಯ ಒಳಗೆ

ಒಂದೇ ದೋಷದ ಬಗ್ಗೆ ಕನಿಷ್ಠ ಮೂರು ಬಗೆಯ ದಾಖಲೆಗಳು ಸಿಗುತ್ತವೆ. ಮೊದಲನೆಯದು ಸಿವಿಇಯ ಮೂಲ ದಾಖಲೆ. ಅದರ ಈಗಿನ ರಚನೆಯಲ್ಲಿ ಪ್ರತಿ ಉತ್ಪನ್ನಕ್ಕೂ ಆವೃತ್ತಿ ಶ್ರೇಣಿಗಳನ್ನು ಬರೆದು, ಪ್ರತಿ ಶ್ರೇಣಿಗೆ ಬಾಧಿತ, ಬಾಧಿತವಲ್ಲ, ಗೊತ್ತಿಲ್ಲ ಎಂಬ ಮೂರರಲ್ಲೊಂದು ಸ್ಥಿತಿಯನ್ನು ನಮೂದಿಸಬಹುದು. ಎರಡನೆಯದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ 2005ರಿಂದ ನಡೆಸುತ್ತಿರುವ ಎನ್‌ವಿಡಿ. ಅದು ಸಿವಿಇ ದಾಖಲೆಯನ್ನು ಎತ್ತಿಕೊಂಡು, ಉತ್ಪನ್ನಗಳಿಗೆ ಸಿಪಿಇ ಎಂಬ ಯಂತ್ರ ಓದಬಲ್ಲ ಹೆಸರನ್ನು ಅಂಟಿಸುತ್ತದೆ. ಬಗೆ, ತಯಾರಕ, ಉತ್ಪನ್ನ, ಆವೃತ್ತಿ, ಅಪ್‌ಡೇಟ್ ಹೀಗೆ ಹನ್ನೊಂದು ಭಾಗಗಳ ಹೆಸರು ಅದು. ಅದರ ಜೊತೆಗೆ ‘ಇಲ್ಲಿಂದ, ಇದನ್ನೂ ಸೇರಿಸಿ’, ‘ಇಲ್ಲಿಯವರೆಗೆ, ಇದನ್ನು ಬಿಟ್ಟು’ ಎಂಬ ಗಡಿಗಳಿರುತ್ತವೆ. ‘ಬಿಟ್ಟು’ ಎಂಬುದನ್ನು ‘ಸೇರಿಸಿ’ ಎಂದು ಓದಿಕೊಂಡು ಸರಿಹೋದ ಆವೃತ್ತಿಯನ್ನೇ ಮತ್ತೆ ಸರಿಪಡಿಸಲು ಹೊರಡುವುದು, ಇಲ್ಲವೇ ಅದರ ತಿರುಗುಮುರುಗು, ಅಪರೂಪವೇನಲ್ಲ.

ಮೂರನೆಯದು 2021ರ ಫೆಬ್ರವರಿಯಲ್ಲಿ ಗೂಗಲ್ ಆರಂಭಿಸಿದ ಓಎಸ್‌ವಿ. ಮುಕ್ತ ತಂತ್ರಾಂಶದ ಮಟ್ಟಿಗೆ ಸದ್ಯ ಇದಕ್ಕಿಂತ ಹದವಾದ ವ್ಯವಸ್ಥೆ ಕಾಣುವುದಿಲ್ಲ. ತಯಾರಕರ ಹೆಸರಿನ ಬದಲು ಪೈಪಿಐ, ಎನ್‌ಪಿಎಂ, ಮೇವನ್‌ನಂಥ ಪ್ಯಾಕೇಜು ಭಂಡಾರಗಳಲ್ಲಿರುವ ಹೆಸರನ್ನೇ ಅದು ಬಳಸುತ್ತದೆ. ಶ್ರೇಣಿಯನ್ನು ದೋಷ ‘ಒಳಬಂದದ್ದು’ ಮತ್ತು ‘ಸರಿಯಾದದ್ದು’ ಎಂಬ ಘಟನೆಗಳಾಗಿ ಬರೆಯುತ್ತದೆ. ಆವೃತ್ತಿ ಸಂಖ್ಯೆಯಷ್ಟೇ ಅಲ್ಲದೆ ಕೋಡಿನ ಇತಿಹಾಸ ಕಾಪಾಡುವ ಗಿಟ್‌ನ ಕಮಿಟ್‌ಗಳ, ಅಂದರೆ ಒಂದೊಂದು ಬದಲಾವಣೆಯ ಮಟ್ಟದಲ್ಲೂ ಹೀಗೆ ಬರೆಯಲು ಬರುತ್ತದೆ. ಪ್ಯಾಕೇಜಿನ ಹೆಸರು ಮತ್ತು ಆವೃತ್ತಿ ಕೊಟ್ಟರೆ ಅದಕ್ಕೆ ತಗಲುವ ದೋಷಗಳ ಪಟ್ಟಿ ನೇರವಾಗಿ ಬರುತ್ತದೆ. ಗಿಟ್‌ಹಬ್‌ನ ಸಲಹೆಗಳ ಭಂಡಾರವೂ ಇದೇ ರಚನೆಯಲ್ಲಿ ಸಿಗುತ್ತದೆ.

ಮೈಕ್ರೋಸಾಫ್ಟ್‌ನ ದಾರಿ ಬೇರೆ. ವಿಂಡೋಸ್‌ನ ದೋಷಕ್ಕೆ ಅದು ಉತ್ಪನ್ನದ ಪಟ್ಟಿ, ಪ್ರತಿ ಉತ್ಪನ್ನಕ್ಕೆ ಅಪ್‌ಡೇಟಿನ ಕೆಬಿ ಸಂಖ್ಯೆ ಮತ್ತು ಬಿಲ್ಡ್ ಸಂಖ್ಯೆ ಕೊಡುತ್ತದೆ. ತನ್ನ ಯಂತ್ರದ ಬಿಲ್ಡ್ ಸಂಖ್ಯೆ ಗೊತ್ತಿರುವವರಿಗೆ ಇಷ್ಟು ಸಾಕು.

ಸಿವಿಇ, ಎನ್‌ವಿಡಿ, ಓಎಸ್‌ವಿ ಈ ಮೂರೂ ದಾಖಲೆಗಳು ಒಂದನ್ನೊಂದು ಒಪ್ಪುತ್ತವೆ ಎಂದು ಭಾವಿಸುವಂತಿಲ್ಲ. 2019ರ ಯೂಸೆನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಪ್ರಕಟವಾದ ಅಧ್ಯಯನವೊಂದು ಇಪ್ಪತ್ತು ವರ್ಷಗಳ ದೋಷ ವರದಿಗಳಲ್ಲಿದ್ದ ಆವೃತ್ತಿ ಮಾಹಿತಿಯನ್ನು ಎನ್‌ವಿಡಿಯ ನಮೂದುಗಳ ಜೊತೆ ಹೋಲಿಸಿತು. ಕಟ್ಟುನಿಟ್ಟಾಗಿ ಹೊಂದಿಕೆಯಾದವು ನೂರಕ್ಕೆ ಸುಮಾರು 60 ಮಾತ್ರ.

ಲಾಗ್4ಜೆ: ಬದಲಾಗುತ್ತ ಹೋದ ಶ್ರೇಣಿ

ಬಾಧಿತ ಆವೃತ್ತಿಗಳ ಪಟ್ಟಿಗೆ ದಿನಾಂಕ ಎಷ್ಟು ಮುಖ್ಯ ಎಂಬುದಕ್ಕೆ 2021ರ ಡಿಸೆಂಬರಿಗಿಂತ ಒಳ್ಳೆಯ ಪಾಠ ಇಲ್ಲ. ಜಾವಾ ಕಾರ್ಯಕ್ರಮಗಳು ತಮ್ಮ ನಡೆಯನ್ನು ದಾಖಲಿಸಿಡಲು ಬಳಸುವ ಲಾಗ್4ಜೆ ಗ್ರಂಥಾಲಯದಲ್ಲಿ, ದಾಖಲಿಸಬೇಕಾದ ಪಠ್ಯದೊಳಗೆ ವಿಶೇಷ ರೀತಿಯ ಸೂಚನೆಯೊಂದನ್ನು ತುರುಕಿದರೆ ಗ್ರಂಥಾಲಯ ಹೊರಗಿನ ಸರ್ವರನ್ನು ಸಂಪರ್ಕಿಸಿ ಅಲ್ಲಿಂದ ಬಂದ ಕೋಡನ್ನು ನಡೆಸಿಬಿಡುತ್ತಿತ್ತು. ಈ ಸೌಲಭ್ಯ 2013ರಲ್ಲಿ 2.0-ಬೀಟಾ9 ಆವೃತ್ತಿಯಲ್ಲಿ ಸೇರಿದ್ದು. ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡದ ಚೆನ್ ಝಾವೋಜುನ್ ನವೆಂಬರ್ 24ರಂದು ಅಪಾಚೆಗೆ ತಿಳಿಸಿದರು. ಡಿಸೆಂಬರ್ 9–10ರ ಹೊತ್ತಿಗೆ ಸುದ್ದಿ ಜಗತ್ತಿಗೇ ಹರಡಿತ್ತು. ಸಿವಿಇ-2021-44228 ಎಂಬ ಗುರುತು, ತೀವ್ರತೆ 10ಕ್ಕೆ 10. ಬಾಧಿತ ಆವೃತ್ತಿಗಳು 2.0-ಬೀಟಾ9ರಿಂದ 2.14.1, ಪರಿಹಾರ 2.15.0.

ನಾಲ್ಕೈದು ದಿನಗಳಲ್ಲಿ ಆ ಪರಿಹಾರ ಪೂರ್ಣವಲ್ಲವೆಂದು ಗೊತ್ತಾಯಿತು. ಉಳಿದ ಭಾಗಕ್ಕೆ ಸಿವಿಇ-2021-45046 ಎಂಬ ಹೊಸ ಗುರುತು ಬಂತು. ಮೊದಲು ಅದಕ್ಕೆ 3.7 ಅಂಕ ಕೊಟ್ಟಿದ್ದರು. ಅದರಿಂದಲೂ ಕೋಡ್ ನಡೆಸಬಹುದೆಂದು ಕಂಡ ಮೇಲೆ 9.0ಕ್ಕೆ ಏರಿಸಿದರು. 2.16.0 ಬಂತು. ಆಮೇಲೆ ಸೇವೆಯನ್ನು ಸ್ತಬ್ಧಗೊಳಿಸಬಲ್ಲ ಇನ್ನೊಂದು ದೋಷಕ್ಕಾಗಿ 2.17.0, ಮತ್ತೊಂದಕ್ಕಾಗಿ 2.17.1. ಜಾವಾ 7ರಲ್ಲೇ ಉಳಿದವರಿಗೆ 2.12.2, 2.12.3, 2.12.4, ಜಾವಾ 6ರವರಿಗೆ 2.3.1, 2.3.2. ಇಂದು ಮೊದಲ ಸಿವಿಇಯ ವಿವರಣೆ ತೆರೆದರೆ ಶ್ರೇಣಿ 2.15.0ವರೆಗೆ ಚಾಚಿಕೊಂಡಿದೆ, ನಡುವಿನ 2.12.2, 2.12.3 ಮತ್ತು 2.3.1ನ್ನು ಹೊರತುಪಡಿಸಲಾಗಿದೆ. ಮೊದಲ ದಿನ ಪಟ್ಟಿ ಬರೆದಿಟ್ಟುಕೊಂಡು ಅದರಂತೆ 2.15.0ಕ್ಕೆ ಏರಿ ನಿಶ್ಚಿಂತರಾದವರು ಮರುವಾರ ಮತ್ತೆ ಬಾಧಿತರ ಸಾಲಿನಲ್ಲಿದ್ದರು. 2.12.2 ಸುರಕ್ಷಿತ, 2.14.1 ಅಸುರಕ್ಷಿತ: ಚಿಕ್ಕ ಸಂಖ್ಯೆ ಎಂದರೆ ಹಳೆಯದು, ಹಳೆಯದೆಂದರೆ ದೋಷಯುಕ್ತ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿತ್ತು. ಲಾಗ್4ಜೆ ಹಲವು ಜಾರ್ ಕಡತಗಳಾಗಿ ಬರುತ್ತದೆ. ದೋಷವಿದ್ದುದು ‘ಕೋರ್’ ಎಂಬ ಕಡತದಲ್ಲಿ. ‘ಎಪಿಐ’ ಕಡತ ಮಾತ್ರ ಇದ್ದವರಿಗೆ ತೊಂದರೆ ಇರಲಿಲ್ಲ. ಆದರೂ ಎರಡಕ್ಕೂ ಒಂದೇ ಆವೃತ್ತಿ ಸಂಖ್ಯೆ ಇದ್ದುದರಿಂದ ಸ್ಕ್ಯಾನರ್‌ಗಳು ಎರಡನ್ನೂ ಹಿಡಿದು ಗದ್ದಲ ಎಬ್ಬಿಸಿದವು. ಇನ್ನೊಂದೆಡೆ, ತಯಾರಕರು ಲಾಗ್4ಜೆಯ ತರಗತಿಗಳನ್ನು, ಅಂದರೆ ಜಾವಾ ಕೋಡಿನ ಬಿಡಿ ಘಟಕಗಳನ್ನು, ತಮ್ಮ ದೊಡ್ಡ ಜಾರ್‌ನೊಳಗೆ ಬೆರೆಸಿಟ್ಟಿದ್ದ ಕಡೆ ಕಡತದ ಹೆಸರಲ್ಲಿ ಲಾಗ್4ಜೆ ಎಂಬ ಸುಳಿವೇ ಇರಲಿಲ್ಲ. ಅಲ್ಲಿ ಹುಡುಕಬೇಕಾದದ್ದು ಜೆಎನ್‌ಡಿಐ ಲುಕಪ್ ಎಂಬ ತರಗತಿಯನ್ನು. ತಾತ್ಕಾಲಿಕ ಉಪಾಯವಾಗಿ ಆ ತರಗತಿಯನ್ನೇ ಜಾರ್‌ನಿಂದ ಕಿತ್ತುಹಾಕಿದವರ ಯಂತ್ರದಲ್ಲಿ ಆವೃತ್ತಿ 2.14.1 ಎಂದೇ ಉಳಿಯುತ್ತಿತ್ತು, ಈ ದೋಷ ಮಾತ್ರ ಹೋಗಿರುತ್ತಿತ್ತು.

ಸಂಖ್ಯೆ ಒಂದು, ಕೋಡ್ ಇನ್ನೊಂದು

ಲಿನಕ್ಸ್ ವಿತರಣೆಗಳಲ್ಲಿ ಆವೃತ್ತಿ ಸಂಖ್ಯೆ ಮತ್ತು ದೋಷದ ಸಂಬಂಧ ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುತ್ತದೆ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ನಂಥ ವಿತರಣೆಗಳು ಬಿಡುಗಡೆಯ ನಂತರ ಪ್ಯಾಕೇಜುಗಳ ಮೂಲ ಆವೃತ್ತಿಯನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಹೊಸ ಆವೃತ್ತಿ ತಂದರೆ ಅದರ ಜೊತೆ ಹೊಸ ನಡವಳಿಕೆಯೂ ಬಂದು ಗ್ರಾಹಕರ ವ್ಯವಸ್ಥೆ ಕೆಡಬಹುದು. ಆದ್ದರಿಂದ ಭದ್ರತಾ ತಿದ್ದುಪಡಿಯನ್ನಷ್ಟೇ ಹೊಸ ಆವೃತ್ತಿಯಿಂದ ಬಿಡಿಸಿ ಹಳೆಯ ಕೋಡಿಗೆ ಹೊಲಿಯುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ.

2014ರ ಏಪ್ರಿಲ್ 7ರಂದು ಬಹಿರಂಗವಾದ ಹಾರ್ಟ್‌ಬ್ಲೀಡ್, ಅಂದರೆ ಸಿವಿಇ-2014-0160, ಜಾಲಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯದ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿತ್ತು. 1.0.1ಜಿಯಲ್ಲಿ ಪರಿಹಾರ. ಅದಕ್ಕೂ ಹಳೆಯ 1.0.0 ಮತ್ತು 0.9.8 ಶಾಖೆಗಳಲ್ಲಿ ಈ ದೋಷ ಇರಲೇ ಇಲ್ಲ, ಏಕೆಂದರೆ ಹಾರ್ಟ್‌ಬೀಟ್ ಎಂಬ ಸೌಲಭ್ಯ ಅಲ್ಲಿರಲಿಲ್ಲ. ಡೆಬಿಯನ್‌ನ ವೀಜಿ ಎಂಬ ಬಿಡುಗಡೆಯಲ್ಲಿದ್ದ ಆವೃತ್ತಿ 1.0.1ಇ. ಡೆಬಿಯನ್ 1.0.1ಜಿಗೆ ಹೋಗಲಿಲ್ಲ; ತಿದ್ದುಪಡಿ ಹೊಲಿದು 1.0.1ಇ-2+ಡೆಬ್7ಯು5 ಎಂಬ ಪ್ಯಾಕೇಜು ಬಿಡುಗಡೆ ಮಾಡಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6.5ರಲ್ಲಿ ಪರಿಹಾರ ಬಂದದ್ದು 1.0.1ಇ-16.ಇಎಲ್6_5.7 ಎಂಬ ಪ್ಯಾಕೇಜಿನಲ್ಲಿ. ಈ ಯಂತ್ರಗಳಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಆವೃತ್ತಿ ಕೇಳಿದರೆ ಸರಿಪಡಿಸಿದ ನಂತರವೂ ಅದು 1.0.1ಇ ಎಂದೇ ಹೇಳುತ್ತಿತ್ತು. ಎನ್‌ವಿಡಿಯ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿದ ಆಡಿಟರ್‌ಗಳು ಸರಿಯಾದ ಯಂತ್ರಗಳನ್ನು ದೋಷಪೂರ್ಣವೆಂದು ಬರೆಯುವುದು, ನಿರ್ವಾಹಕರು ವಿವರಣೆ ಬರೆದು ಬೇಸತ್ತುಹೋಗುವುದು ಈ ವೃತ್ತಿಯ ಹಳೆಯ ಜಗಳ. ಆಡಿಟರ್‌ಗಳ ಪಕ್ಷ ವಹಿಸಲು ಇಲ್ಲಿ ಕಾರಣ ಸಿಗುವುದಿಲ್ಲ: ವಿತರಣೆಯ ಪ್ಯಾಕೇಜು ಎಂದು ಗೊತ್ತಾದ ಮೇಲೆ ವಿತರಣೆಯದೇ ದಾಖಲೆಯನ್ನು ನೋಡಬೇಕು. ಡೆಬಿಯನ್‌ನ ಭದ್ರತಾ ಟ್ರ್ಯಾಕರ್, ಉಬುಂಟುವಿನ ಸಿವಿಇ ಪುಟಗಳು, ರೆಡ್ ಹ್ಯಾಟ್‌ನ ಸಿವಿಇ ಭಂಡಾರ ಇರುವುದೇ ಇದಕ್ಕೆ. ಅವು ಪ್ರತಿ ಬಿಡುಗಡೆಗೂ ಬೇರೆಬೇರೆಯಾಗಿ ಬಾಧಿತವೇ, ಸರಿಯಾಗಿದೆಯೇ, ಎಷ್ಟನೆಯ ಪ್ಯಾಕೇಜಿನಲ್ಲಿ ಎಂದು ತಿಳಿಸುತ್ತವೆ. ಯಂತ್ರದಲ್ಲೇ ನೋಡಬೇಕೆಂದರೆ ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲಿ ಸಿವಿಇ ಸಂಖ್ಯೆಯನ್ನು ಹುಡುಕಬಹುದು.

ಪ್ಯಾಕೇಜು ಹೊಸದಾದರೂ ಓಡುತ್ತಿರುವ ಕಾರ್ಯಕ್ರಮ ಹಳೆಯದೇ ಆಗಿರಬಹುದು ಎಂಬುದನ್ನೂ ಹಾರ್ಟ್‌ಬ್ಲೀಡ್ ಕಲಿಸಿತು. ಡಿಸ್ಕಿನ ಮೇಲಿನ ಗ್ರಂಥಾಲಯ ಬದಲಾಗಿರುತ್ತದೆ. ವೆಬ್ ಸರ್ವರನ್ನು ಮರುಚಾಲನೆ ಮಾಡುವ ತನಕ ಸ್ಮೃತಿಯಲ್ಲಿರುವುದು ಹಳೆಯ ಪ್ರತಿಯೇ. ಆವೃತ್ತಿ ಕೇಳುವ ಆಜ್ಞೆ ಡಿಸ್ಕನ್ನು ನೋಡಿ ಉತ್ತರಿಸುತ್ತದೆ, ದಾಳಿಕೋರ ಮಾತಾಡುವುದು ಸ್ಮೃತಿಯಲ್ಲಿರುವುದರ ಜೊತೆ.

ಸಂಖ್ಯೆ ಮತ್ತು ಕೋಡಿನ ನಡುವಿನ ಬಿರುಕು ಅತ್ಯಂತ ವಿಚಿತ್ರವಾಗಿ ಕಾಣುವುದು ಎಕ್ಸ್‌ಝೆಡ್ ಪ್ರಸಂಗದಲ್ಲಿ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನವಾದದ್ದರ ಬೆನ್ನುಹತ್ತಿ, ಎಕ್ಸ್‌ಝೆಡ್ ಸಂಕೋಚನ ಗ್ರಂಥಾಲಯದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬೇಕೆಂದೇ ಇಟ್ಟ ಕಳ್ಳಬಾಗಿಲನ್ನು ಬಯಲಿಗೆಳೆದರು. ಸಿವಿಇ-2024-3094ರ ಶ್ರೇಣಿ ಅವೆರಡೇ ಆವೃತ್ತಿಗಳು. ಅದನ್ನು ಜಾಗೃತಗೊಳಿಸುವ ಬಿಲ್ಡ್ ಸ್ಕ್ರಿಪ್ಟು ಬಿಡುಗಡೆಯ ಟಾರ್‌ಬಾಲ್ ಎಂಬ ಕಟ್ಟುಕಡತದಲ್ಲಿ ಮಾತ್ರ ಇತ್ತು, ಗಿಟ್ ಭಂಡಾರದಲ್ಲಿರಲಿಲ್ಲ. ಅಂದರೆ 5.6.1ನ್ನು ಗಿಟ್‌ನಿಂದಲೇ ಕಟ್ಟಿಕೊಂಡವರಿಗೂ ಟಾರ್‌ಬಾಲ್‌ನಿಂದ ಕಟ್ಟಿಕೊಂಡವರಿಗೂ ಸಂಖ್ಯೆ ಒಂದೇ, ಒಳಗಿನ ಸರಕು ಬೇರೆ. ಡೆಬಿಯನ್ ತನ್ನ ಪರೀಕ್ಷಾ ಶಾಖೆಯಲ್ಲಿ ಹಳೆಯ 5.4.5ಕ್ಕೆ ಮರಳಬೇಕಾಯಿತು. ಆದರೆ ಪ್ಯಾಕೇಜು ವ್ಯವಸ್ಥೆ ತಾನಾಗಿ ಹಿಂದಿನ ಸಂಖ್ಯೆಗೆ ಇಳಿಯುವುದಿಲ್ಲ. ಹಾಗಾಗಿ ಆ ಪ್ಯಾಕೇಜಿಗೆ ಕೊಟ್ಟ ಹೆಸರು 5.6.1+ರಿಯಲಿ5.4.5-1. ಮೊದಲ ಮೂರು ಅಂಕಿ ನೋಡಿ ತೀರ್ಪು ಕೊಡುವ ಯಾವುದೇ ಸಾಧನ ಇಲ್ಲಿ ಸೋಲುತ್ತದೆ.

ನಡುವೆ ಅಂತರವಿರುವ ಶ್ರೇಣಿಗಳು

ದೋಷ ಒಂದು ಕಡೆ ಶುರುವಾಗಿ ಒಂದು ಕಡೆ ಮುಗಿಯುತ್ತದೆ ಎಂದುಕೊಳ್ಳುವುದು ಸಹಜ. ಕ್ವಾಲಿಸ್ ಕಂಪನಿ 2024ರ ಜುಲೈ 1ರಂದು ಪ್ರಕಟಿಸಿದ, ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ದೋಷ, ಸಿವಿಇ-2024-6387, ಹಾಗಿರಲಿಲ್ಲ. 4.4ಪಿ1ಕ್ಕಿಂತ ಹಳೆಯ ಆವೃತ್ತಿಗಳು ಬಾಧಿತ. 4.4ಪಿ1ರಿಂದ 8.5ಪಿ1ಕ್ಕಿಂತ ಹಿಂದಿನವು ಬಾಧಿತವಲ್ಲ. 8.5ಪಿ1ರಿಂದ 9.8ಪಿ1ಕ್ಕಿಂತ ಹಿಂದಿನವು ಮತ್ತೆ ಬಾಧಿತ. ಇದೇ ದೋಷಕ್ಕೆ 2006ರಲ್ಲಿ ಸಿವಿಇ-2006-5051 ಎಂಬ ಗುರುತು ಕೊಟ್ಟು ಸರಿಪಡಿಸಿದ್ದರು. 2020ರ ಅಕ್ಟೋಬರಿನಲ್ಲಿ ಕೋಡಿನ ಮರುಜೋಡಣೆ ಮಾಡುವಾಗ ರಕ್ಷಣೆಯ ಒಂದು ಷರತ್ತು ಅಕಸ್ಮಾತ್ತಾಗಿ ಬಿಟ್ಟುಹೋಗಿ ಹಳೆಯ ದೋಷ ಮರಳಿ ಬಂತು. ಇದರ ವಿಲಕ್ಷಣ ಫಲವೆಂದರೆ, ವರ್ಷಗಟ್ಟಲೆ ಅಪ್‌ಡೇಟ್ ಮಾಡದೆ 7.x ಆವೃತ್ತಿಯಲ್ಲೇ ಉಳಿದಿದ್ದ ಸರ್ವರ್‌ಗಳು ಈ ಒಂದು ದೋಷದ ಮಟ್ಟಿಗೆ ಪಾರಾದವು. ಬಾಧೆ ಇದ್ದದ್ದೂ ಜಿಲಿಬ್‌ಸಿ ಗ್ರಂಥಾಲಯ ಬಳಸುವ ಲಿನಕ್ಸ್‌ನಲ್ಲಿ, ಓಪನ್‌ಬಿಎಸ್‌ಡಿಯಲ್ಲಿ ಇಲ್ಲ. ಆವೃತ್ತಿ ಸಂಖ್ಯೆಯೊಂದೇ ಇದನ್ನೆಲ್ಲ ಹೇಳಲಾರದು.

ಏಕಕಾಲಕ್ಕೆ ಹಲವು ಶಾಖೆಗಳನ್ನು ನಡೆಸುವ ಯೋಜನೆಗಳಲ್ಲಿ ಪ್ರತಿ ಶಾಖೆಗೂ ಪ್ರತ್ಯೇಕ ಕೊನೆ ಇರುತ್ತದೆ. 2022ರ ‘ಡರ್ಟಿ ಪೈಪ್’, ಸಿವಿಇ-2022-0847, ಲಿನಕ್ಸ್ ಕರ್ನಲ್ 5.8ರಿಂದ ಇದ್ದು 5.16.11, 5.15.25 ಮತ್ತು 5.10.102ರಲ್ಲಿ ಸರಿಯಾಯಿತು. ಹಾಗಾಗಿ 5.10.102 ಸುರಕ್ಷಿತ, ಸಂಖ್ಯೆಯಲ್ಲಿ ಅದಕ್ಕಿಂತ ದೊಡ್ಡದಾದ 5.15.10 ಅಸುರಕ್ಷಿತ.

ಸಂಖ್ಯೆಗಳಲ್ಲಿ ಯಾವುದು ಹಿಂದೆ, ಯಾವುದು ಮುಂದೆ ಎಂಬುದೂ ಪ್ರತಿ ಭಂಡಾರಕ್ಕೆ ಬೇರೆ. 1.10 ಎಂಬುದು 1.9ರ ನಂತರದ್ದು, ದಶಮಾಂಶವೆಂದು ಓದಿದರೆ ಮುಂಚಿನದು. 2.0-ಬೀಟಾ9 ಎಂಬುದು 2.0ಕ್ಕಿಂತ ಹಿಂದಿನದು. ಓಪನ್‌ಎಸ್‌ಎಸ್‌ಎಲ್ 1.0.2ರ ಶಾಖೆಯಲ್ಲಿ ಅಕ್ಷರಗಳು ವೈ ತಲುಪಿದ ಮೇಲೆ ಝೆಡ್‌ಎ ಎಂದು ಮುಂದುವರಿದವು. ಡೆಬಿಯನ್‌ನಲ್ಲಿ ಸಂಖ್ಯೆಯ ಮುಂದೆ ಯುಗಸೂಚಕ ಅಂಕಿಯೊಂದು ಬರಬಹುದು, ಅದು ಉಳಿದೆಲ್ಲವನ್ನೂ ಮೀರಿಸುತ್ತದೆ. ಹೋಲಿಕೆಯನ್ನು ಆಯಾ ಪ್ಯಾಕೇಜು ವ್ಯವಸ್ಥೆಯ ಸ್ವಂತ ಸಾಧನಕ್ಕೇ ಬಿಡುವುದು ಲೇಸು.

ದೋಷ ಎಲ್ಲಿದೆ, ಹೆಸರು ಯಾರದು

ಶ್ರೇಣಿ ಸರಿಯಿದ್ದೂ ಉತ್ಪನ್ನದ ಹೆಸರೇ ತಪ್ಪಿದರೆ ಹುಡುಕಾಟ ಬೇರೆ ಬಗೆಯಲ್ಲಿ ಕೆಡುತ್ತದೆ. 2023ರ ಸೆಪ್ಟೆಂಬರಿನಲ್ಲಿ ಆಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ವರದಿ ಮಾಡಿದ ಸಿವಿಇ-2023-4863ರ ಮೊದಲ ದಾಖಲೆಯಲ್ಲಿ ಬಾಧಿತ ಉತ್ಪನ್ನವೆಂದು ಇದ್ದದ್ದು ಕ್ರೋಮ್, ಆವೃತ್ತಿ 116.0.5845.187ಕ್ಕಿಂತ ಹಿಂದಿನದು. ದೋಷ ನಿಜವಾಗಿ ಇದ್ದದ್ದು ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿ ಗ್ರಂಥಾಲಯದಲ್ಲಿ. ಅದು ಫೈರ್‌ಫಾಕ್ಸ್‌ನಲ್ಲಿದೆ, ಎಲೆಕ್ಟ್ರಾನ್ ಮೇಲೆ ಕಟ್ಟಿದ ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲಿದೆ, ಲಿನಕ್ಸ್ ವಿತರಣೆಗಳಲ್ಲಿದೆ. ಕ್ರೋಮ್ ಇಲ್ಲವಲ್ಲ ಎಂದು ದಾಖಲೆ ಮುಚ್ಚಿದವರಿಗೆ ಇದು ಕಾಣಲಿಲ್ಲ. ಗ್ರಂಥಾಲಯಕ್ಕೆಂದೇ ಸಿವಿಇ-2023-5129 ಎಂಬ ಎರಡನೆಯ ಗುರುತು ಬಂತು, ಅದು ಮೊದಲನೆಯದರ ನಕಲೆಂದು ತಿರಸ್ಕೃತವೂ ಆಯಿತು. ಕೊನೆಗೆ ಮೊದಲ ದಾಖಲೆಯಲ್ಲೇ ಲಿಬ್‌ವೆಬ್‌ಪಿ 1.3.2ರ ಹೆಸರು ಸೇರಿತು.

ಶ್ರೇಣಿಯ ಆರಂಭವನ್ನು ನಿರ್ಧರಿಸುವುದು ಕೊನೆಯನ್ನು ನಿರ್ಧರಿಸುವುದಕ್ಕಿಂತ ಕಷ್ಟ. ಸರಿಪಡಿಸಿದವರಿಗೆ ತಾವು ಯಾವ ಕಮಿಟ್‌ನಲ್ಲಿ ಸರಿಪಡಿಸಿದೆವೆಂದು ಗೊತ್ತಿರುತ್ತದೆ. ದೋಷ ಯಾವಾಗ ಒಳಬಂತೆಂದು ಇತಿಹಾಸ ಅಗೆಯಬೇಕು. ತಿದ್ದಿದ ಸಾಲುಗಳು ಯಾವ ಬದಲಾವಣೆಯಲ್ಲಿ ಬಂದವೆಂದು ಕೋಡಿನ ಇತಿಹಾಸದಲ್ಲಿ ಹಿಂದೆ ಹಿಂದೆ ಹೋಗುವ ವಿಧಾನವನ್ನು 2005ರಲ್ಲಿ ಸ್ಲಿವೆರ್ಸ್ಕಿ, ಝಿಮ್ಮರ್‌ಮನ್ ಮತ್ತು ಝೆಲ್ಲರ್ ರೂಪಿಸಿದರು. ಎಸ್‌ಝೆಡ್‌ಝೆಡ್ ಎಂದು ಅದು ಪ್ರಸಿದ್ಧ. ಸಾಲುಗಳು ಜಾಗ ಬದಲಿಸಿದ್ದರೆ, ಪರಿಹಾರವೆಂದರೆ ಹೊಸ ಸಾಲು ಸೇರಿಸುವುದಷ್ಟೇ ಆಗಿದ್ದರೆ ಅದು ದಾರಿತಪ್ಪುತ್ತದೆ. ಲಿನಕ್ಸ್ ಕರ್ನಲ್‌ನವರು ತಿದ್ದುಪಡಿಯ ಟಿಪ್ಪಣಿಯಲ್ಲೇ ಇದು ಯಾವ ಕಮಿಟ್‌ನ ತಪ್ಪನ್ನು ಸರಿಪಡಿಸುತ್ತದೆ ಎಂದು ಬರೆಯುವ ರೂಢಿ ಬೆಳೆಸಿಕೊಂಡಿದ್ದಾರೆ. 2024ರ ಫೆಬ್ರವರಿಯಲ್ಲಿ ಕರ್ನಲ್ ಯೋಜನೆಗೆ ಸಿವಿಇ ಕೊಡುವ ಅಧಿಕಾರ ಸಿಕ್ಕ ಮೇಲೆ ಆ ಟಿಪ್ಪಣಿಗಳಿಂದಲೇ ಬಾಧಿತ ಶ್ರೇಣಿಗಳು ತಯಾರಾಗುತ್ತಿವೆ. ಕರ್ಲ್ ಯೋಜನೆ ಇನ್ನೊಂದು ಆದರ್ಶ: ತನ್ನ ಪ್ರತಿ ಹಳೆಯ ಆವೃತ್ತಿಗೂ ಯಾವ ಯಾವ ದೋಷ ತಗಲುತ್ತದೆಂದು ಅದು ಕೋಷ್ಟಕ ಪ್ರಕಟಿಸುತ್ತದೆ. 2023ರ ಅಕ್ಟೋಬರಿನ ಸಿವಿಇ-2023-38545ಕ್ಕೆ 7.69.0ರಿಂದ 8.3.0ವರೆಗೆ ಎಂದು ಎರಡೂ ತುದಿಗಳನ್ನು ನಿಖರವಾಗಿ ಕೊಟ್ಟಿತ್ತು. ಇಂಥ ಶ್ರಮ ಪಡದವರು ಆರಂಭದ ಜಾಗದಲ್ಲಿ ಸೊನ್ನೆ ಬರೆದುಬಿಡುತ್ತಾರೆ. ಅಪಾಯದ ಕಡೆಗೆ ವಾಲುವುದಕ್ಕಿಂತ ಅದು ಮೇಲು ಎನ್ನಬಹುದಾದರೂ, ಆ ಸೊನ್ನೆಯ ಹಿಂದೆ ಪರೀಕ್ಷೆ ಇದೆಯೋ ಬರಿಯ ಊಹೆಯೋ ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ.

ಒಳಗಿನ ಪಟ್ಟಿ

ಹೊರಗಿನ ದಾಖಲೆಯ ಜೊತೆ ಹೋಲಿಸಲು ಒಳಗಿನ ದಾಖಲೆ ಬೇಕು. ತಂತ್ರಾಂಶದಲ್ಲಿ ಯಾವ ಯಾವ ಘಟಕಗಳು ಯಾವ ಆವೃತ್ತಿಯಲ್ಲಿ ಸೇರಿವೆ ಎಂಬ ಪಟ್ಟಿಗೆ ಎಸ್‌ಬಿಒಎಂ ಎಂಬ ಹೆಸರು ನಿಂತಿದೆ. ಎಸ್‌ಪಿಡಿಎಕ್ಸ್ ಮತ್ತು ಸೈಕ್ಲೋನ್‌ಡಿಎಕ್ಸ್ ಅದರ ಎರಡು ಪ್ರಮುಖ ರಚನೆಗಳು. 2021ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರ ಆದೇಶವೊಂದು ಸರ್ಕಾರಕ್ಕೆ ಮಾರುವ ತಂತ್ರಾಂಶದ ವಿಷಯದಲ್ಲಿ ಇದನ್ನು ಮುಂದಕ್ಕೆ ತಂದ ಮೇಲೆ ಬಳಕೆ ಹೆಚ್ಚಿತು. ಟ್ರಿವಿ, ಗ್ರೈಪ್, ಓಎಸ್‌ವಿ-ಸ್ಕ್ಯಾನರ್‌ನಂಥ ಮುಕ್ತ ಸಾಧನಗಳು ಈ ಪಟ್ಟಿಯನ್ನು ಓದಿ ಭಂಡಾರಗಳ ಜೊತೆ ತಾಳೆ ನೋಡುತ್ತವೆ. ತಾಳೆಯಾದ ಮಾತ್ರಕ್ಕೆ ದೋಷ ಬಳಕೆಗೆ ಸಿಗುತ್ತದೆ ಎಂದರ್ಥವಲ್ಲ. ಗ್ರಂಥಾಲಯದ ದೋಷವಿರುವ ಭಾಗವನ್ನು ಕಾರ್ಯಕ್ರಮ ಕರೆಯದೆಯೂ ಇರಬಹುದು. ಗೋ ಭಾಷೆಯವರ ಗೋವಲ್ನ್‌ಚೆಕ್ ಸಾಧನ ಕರೆಗಳ ಸರಪಳಿ ಹಿಡಿದು ನೋಡಿ, ದೋಷಯುಕ್ತ ಭಾಗವನ್ನು ನಿಜಕ್ಕೂ ತಲುಪುವ ಕಾರ್ಯಕ್ರಮಕ್ಕೆ ಮಾತ್ರ ಗಂಭೀರ ಎಚ್ಚರಿಕೆ ಕೊಡುತ್ತದೆ. ತಯಾರಕರು ಇದೇ ಮಾತನ್ನು ಅಧಿಕೃತವಾಗಿ ಹೇಳಲು ವೆಕ್ಸ್ ಎಂಬ ಹೇಳಿಕೆಯ ರಚನೆ ಇದೆ: ಬಾಧಿತವಲ್ಲ, ಬಾಧಿತ, ಸರಿಪಡಿಸಲಾಗಿದೆ, ಪರಿಶೀಲನೆಯಲ್ಲಿದೆ.

ಭಾರತದಲ್ಲಿ ಈ ಕೆಲಸದ ಸರ್ಕಾರಿ ಮುಖ ಸರ್ಟ್-ಇನ್. 2004ರ ಜನವರಿಯಲ್ಲಿ ಆರಂಭವಾದ ಇದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನಡಿ ಶಾಸನಬದ್ಧ ಸ್ಥಾನ ಇದೆ. ಅದರ ದೋಷ ಟಿಪ್ಪಣಿಗಳು ಸಿಐವಿಎನ್ ಎಂಬ ಅಕ್ಷರಗಳಿಂದ ಶುರುವಾಗುತ್ತವೆ. ಬಾಧಿತ ತಂತ್ರಾಂಶಗಳು ಯಾವುವು ಎಂಬ ಭಾಗ ಪ್ರತಿಯೊಂದರಲ್ಲೂ ಇರುತ್ತದೆ. ಒಂದೇ ಟಿಪ್ಪಣಿಯಲ್ಲಿ ಒಬ್ಬ ತಯಾರಕರ ಹಲವು ಸಿವಿಇಗಳನ್ನು ಒಟ್ಟುಗೂಡಿಸುವುದು ಅದರ ರೂಢಿ. ಎಚ್ಚರಿಸಲು ಅದು ಅನುಕೂಲ. ಯಾವ ದೋಷ ಯಾವ ಆವೃತ್ತಿಗೆ ಎಂದು ಬಿಡಿಸಿಕೊಳ್ಳಲು ತಯಾರಕರ ಮೂಲ ಪ್ರಕಟಣೆಗೇ ಹೋಗಬೇಕು. ಎಸ್‌ಬಿಒಎಂ ಬಗ್ಗೆ 2024ರ ಅಕ್ಟೋಬರಿನಲ್ಲಿ ಸರ್ಟ್-ಇನ್ ತಾಂತ್ರಿಕ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತನ್ನ ಸೈಬರ್ ಭದ್ರತಾ ಚೌಕಟ್ಟಿನಲ್ಲಿ ಇದನ್ನು ಸೇರಿಸಿತ್ತು.

ಭಂಡಾರಗಳ ಅಲುಗಾಟ

ಇಡೀ ಜಗತ್ತು ಎರಡು ಅಮೆರಿಕನ್ ಭಂಡಾರಗಳ ಮೇಲೆ ಆತುಕೊಂಡಿದೆ ಎಂಬುದು ಇತ್ತೀಚೆಗೆ ಎರಡು ಸಲ ಎದ್ದು ಕಂಡಿತು. 2024ರ ಫೆಬ್ರವರಿಯಿಂದ ಎನ್‌ವಿಡಿ ಹೊಸ ಸಿವಿಇಗಳಿಗೆ ಸಿಪಿಇ ಹೆಸರು ಮತ್ತು ಶ್ರೇಣಿ ಸೇರಿಸುವ ಕೆಲಸವನ್ನು ಏಕಾಏಕಿ ತಗ್ಗಿಸಿತು. ಸಾವಿರಾರು ದಾಖಲೆಗಳು ಬಾಕಿ ಬಿದ್ದವು. ಎನ್‌ವಿಡಿಯನ್ನೇ ನಂಬಿದ್ದ ಸ್ಕ್ಯಾನರ್‌ಗಳಿಗೆ ಹೊಸ ದೋಷಗಳು ಇದ್ದೂ ಇಲ್ಲದಂತಾದವು. ಮರುವರ್ಷ ಏಪ್ರಿಲ್‌ನಲ್ಲಿ ಸಿವಿಇ ಕಾರ್ಯಕ್ರಮ ನಡೆಸಲು ಮೈಟರ್‌ಗೆ ಇದ್ದ ಸರ್ಕಾರಿ ಗುತ್ತಿಗೆಯೇ ಮುಗಿಯುವ ಹಂತಕ್ಕೆ ಬಂದು, ಕಡೆಯ ಗಳಿಗೆಯಲ್ಲಿ ಹನ್ನೊಂದು ತಿಂಗಳಿಗೆ ವಿಸ್ತರಣೆಯಾಯಿತು. 2025ರ ಮೇ ತಿಂಗಳಲ್ಲಿ ಯುರೋಪಿನ ಭದ್ರತಾ ಸಂಸ್ಥೆ ಎನಿಸಾ ತನ್ನದೇ ದೋಷ ಭಂಡಾರವನ್ನು ತೆರೆಯಿತು.

ಬೆಂಬಲ ಮುಗಿದ ಆವೃತ್ತಿಗಳಿಗೆ ಈ ಯಾವ ಭಂಡಾರವೂ ಗಟ್ಟಿ ಉತ್ತರ ಕೊಡುವುದಿಲ್ಲ. ತಯಾರಕರು ಅವನ್ನು ಪರೀಕ್ಷಿಸುವುದನ್ನೇ ನಿಲ್ಲಿಸಿರುತ್ತಾರೆ. ಪ್ರಕಟಣೆಯಲ್ಲಿ ಹೆಸರಿಲ್ಲದಿರುವುದಕ್ಕೆ ದೋಷವಿಲ್ಲ ಎಂದೂ, ಯಾರೂ ನೋಡಲಿಲ್ಲ ಎಂದೂ ಎರಡು ಅರ್ಥಗಳಿರುತ್ತವೆ. ಲಾಗ್4ಜೆ 1.x ಶಾಖೆಯ ಬೆಂಬಲ 2015ರಲ್ಲೇ ನಿಂತಿತ್ತು. 2021ರ ಡಿಸೆಂಬರಿನಲ್ಲಿ ಅದನ್ನು ಬಳಸುತ್ತಿದ್ದವರು ಸಿವಿಇ-2021-44228ರ ಶ್ರೇಣಿಯಲ್ಲಿ ತಮ್ಮ ಸಂಖ್ಯೆ ಇಲ್ಲವೆಂದು ನಿಟ್ಟುಸಿರುಬಿಟ್ಟರು. ಅದಕ್ಕೆ ತಗಲುವ ದೋಷಗಳು ಬೇರೆ ಗುರುತುಗಳಲ್ಲಿದ್ದವು: 2019ರ 17571, ಆ ಡಿಸೆಂಬರಿನಲ್ಲೇ ಬಂದ 2021ರ 4104. 2022ರ ಜನವರಿಯಲ್ಲಿ ಮೂಲ ಲೇಖಕ ಜೆಕಿ ಗುಲ್ಜು 1.2.17ನ್ನು ಕವಲೊಡೆಸಿ ರೀಲೋಡ್4ಜೆ ಎಂಬ ಹೊಸ ಹೆಸರಿನಲ್ಲಿ ತಿದ್ದಿದ ಆವೃತ್ತಿಗಳನ್ನು ಬಿಡುಗಡೆ ಮಾಡಿದರು. ಅಪಾಚೆ ಲಾಗ್4ಜೆ ಎಂಬ ಹೆಸರಿನಡಿ ಹುಡುಕಿದರೆ ಆ ತಿದ್ದುಪಡಿ ಕಾಣಿಸುವುದಿಲ್ಲ.